ಕರಿ ಹರಿದ ಮರುದಿನ

ಕೊಪ್ಪಳದ ಗವಿಮಠದ ಬಯಲಿನಲ್ಲಿ ಪುಷ್ಯ ಬಹುಳ ಬಿದಿಗೆಯ ಸಂಜೆ ತೇರು ಎಳೆಯುತ್ತಾರೆ. ಆದರೆ ಜಾತ್ರೆ ಅಲ್ಲಿಗೆ ಮುಗಿಯುವುದಿಲ್ಲ. ಮಹಾದಾಸೋಹದ ಒಲೆಗಳು ಅವರಾತ್ರಿ ಅಮಾವಾಸ್ಯೆಯವರೆಗೂ ಉರಿಯುತ್ತಲೇ ಇರುತ್ತವೆ. ಕೊಪ್ಪಳ, ಕುಕನೂರು, ಯಲಬುರ್ಗಾ, ಕುಷ್ಟಗಿ ಸೀಮೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಓಣಿ ಓಣಿಯಲ್ಲಿ ಕೂತು ಜೋಳದ ರೊಟ್ಟಿ ಬಡಿಯುತ್ತಾರೆ. ಒಣಗಿಸಿದ ರೊಟ್ಟಿಯ ರಾಶಿ ಟ್ರ್ಯಾಕ್ಟರಿನಲ್ಲಿ, ಚಕ್ಕಡಿಯಲ್ಲಿ ಭಾಜಾಭಜಂತ್ರಿ ಸಮೇತ ಮಠ ಸೇರುತ್ತದೆ. ಮಾದಲಿ, ರೊಟ್ಟಿ, ಪಲ್ಲೆ, ಅನ್ನ, ಸಾರು ಉಂಡು ಏಳುವ ಪಂಕ್ತಿಗೆ ಲೆಕ್ಕವಿಲ್ಲ. ಅಮಾವಾಸ್ಯೆಯ ಪಂಕ್ತಿ ಎದ್ದ ಮೇಲೆ ಕೊಪ್ಪರಿಗೆಗಳು ಬೋರಲು ಬೀಳುತ್ತವೆ. ಮರುದಿನ ಎರೆ ಹೊಲದಲ್ಲಿ ಕಡಲೆ ಕೀಳುವ ಆಳುಗಳು ಸಾಲು ಹಿಡಿದಿರುತ್ತಾರೆ.

ಅದೇ ಗವಿಮಠದ ಬೆಟ್ಟದ ಮೇಲೆ, ಚಾಚಿಕೊಂಡ ಬಂಡೆಯೊಂದರ ನೆರಳಿನಲ್ಲಿ ಅಶೋಕನ ಶಾಸನವಿದೆ. ಊರಿನ ಇನ್ನೊಂದು ಗುಡ್ಡವಾದ ಪಾಲ್ಕಿಗುಂಡಿನಲ್ಲಿ ಇನ್ನೊಂದಿದೆ. ಎರಡೂ 1931ರಲ್ಲಿ ವಿದ್ವಾಂಸರ ಕಣ್ಣಿಗೆ ಬಿದ್ದವು. ಬ್ರಾಹ್ಮಿ ಲಿಪಿಯ, ಪ್ರಾಕೃತ ಭಾಷೆಯ ಆ ಸಾಲುಗಳಲ್ಲಿ ಚಕ್ರವರ್ತಿ ಹೇಳಿಕೊಂಡಿರುವುದು ಯುದ್ಧದ ಮಾತಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಲ ಒಂದು ವರ್ಷ ಹೆಚ್ಚಿನ ಶ್ರಮ ಹಾಕಲಿಲ್ಲ, ಸಂಘದ ಬಳಿ ಸಾರಿದ ಮೇಲೆ ಮನಸ್ಸಿಟ್ಟು ದುಡಿದೆ, ದೊಡ್ಡವರಂತೆ ಸಣ್ಣವರೂ ದುಡಿದರೆ ಫಲ ಸಿಗುತ್ತದೆ ಎಂಬುದು ಅದರ ತಿರುಳು. ಸಡಿಲ ಬಿಟ್ಟು ಮತ್ತೆ ದುಡಿಮೆಗೆ ಮರಳಿದ ಸಂಗತಿಯನ್ನು ಕಲ್ಲಿನಲ್ಲಿ ಬರೆಸಿದ ಅರಸ ಅವನು. ಕೆಳಗಿನ ಬಯಲಿನಲ್ಲಿ ವರ್ಷಕ್ಕೊಮ್ಮೆ ಸೇರಿ ಚೆದುರುವ ಲಕ್ಷಾಂತರ ಜನ ಆ ಅಕ್ಷರ ಓದಿದವರಲ್ಲ. ಆದರೂ ಬಿಡುವಿನಿಂದ ಕೆಲಸಕ್ಕೆ ಹೊರಳುವುದು ಈ ಸೀಮೆಯಲ್ಲಿ ಒಬ್ಬೊಬ್ಬರ ಮನಸ್ಸಿಗೆ ಬಿಟ್ಟ ವಿಷಯವಾಗಿರಲಿಲ್ಲ. ಅದಕ್ಕೊಂದು ದಿನ ಗೊತ್ತಾಗಿರುತ್ತಿತ್ತು. ಆ ದಿನ ಗೊತ್ತು ಮಾಡುವವರು ಯಾರು ಎಂಬುದು ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಮೊದಲು ಚಂದ್ರ ಮತ್ತು ಎತ್ತು, ಆಮೇಲೆ ಕಾಲುವೆ, ಈಗೀಗ ದೂರದ ಊರಿನ ಮೇಸ್ತ್ರಿ.

ಎತ್ತಿನ ಮಾತು ಮೊದಲು. ಉತ್ತರ ಕರ್ನಾಟಕದ ಒಕ್ಕಲುತನದಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಏರುವುದಿಲ್ಲ. ಅದು ಶಿವನ ವಾರ, ಬಸವಣ್ಣನ ವಾರ. ವಸಾಹತು ಕಾಲದಲ್ಲಿ ದಕ್ಷಿಣ ಭಾರತದ ಆಚಾರ ವಿಚಾರಗಳನ್ನು ಬರೆದಿಟ್ಟ ಯುರೋಪಿಯನ್ನರೂ ಸೋಮವಾರ ದನಗಳಿಗೆ ಬಿಡುವು ಕೊಡುವ ಈ ಪದ್ಧತಿಯನ್ನು ಗಮನಿಸಿದ್ದಾರೆ. ಅಮಾವಾಸ್ಯೆಗೂ ಗಳೆ ಹೂಡುವುದಿಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ರಜೆ ಮೂಲತಃ ಮನುಷ್ಯನದಲ್ಲ, ಎತ್ತಿನದು. ಎತ್ತು ನಿಂತಿತೆಂದು ಒಕ್ಕಲಿಗನೂ ನಿಲ್ಲುತ್ತಾನೆ. ಆ ದಿನ ಅವನು ಮಿಣಿ ಹೊಸೆಯುತ್ತಾನೆ, ಕುಂಟೆಯ ಕುಡ ತಟ್ಟಿಸಲು ಕಮ್ಮಾರನ ಸಾಲಿಗೆ ಹೋಗುತ್ತಾನೆ, ಬಡಿಗೇರನ ಮನೆ ಮುಂದೆ ಕೂತು ಈಸು ಸರಿ ಮಾಡಿಸುತ್ತಾನೆ. ಮಂಗಳವಾರದ ದುಡಿಮೆಗೆ ಸೋಮವಾರವೇ ಅಣಿಯಾಗಿರುತ್ತದೆ. ಫ್ಯಾಕ್ಟರಿ ಕಾಯ್ದೆಗಳು ಕಾರ್ಮಿಕನಿಗೆ ವಾರದ ರಜೆ ಕೊಡುವ ಎಷ್ಟೋ ಕಾಲ ಮೊದಲೇ, ಬಾಯಿ ಇಲ್ಲದ ದನಕ್ಕೆ ವಾರದ ರಜೆ ಕೊಟ್ಟ ಸಮಾಜ ಇದು. ಈ ಸೀಮೆಯ ಇತಿಹಾಸ ಬರೆಯುವವರು ಕೋಟೆ ಕೊತ್ತಲಗಳಿಗೆ ಕೊಡುವ ಜಾಗದಲ್ಲಿ ಸ್ವಲ್ಪವನ್ನಾದರೂ ಇದಕ್ಕೆ ಕೊಡಬೇಕು.

ವಾರದ ಬಿಡುವು ಸಣ್ಣದು. ದೊಡ್ಡ ಬಿಡುವು ಬೇಸಿಗೆಯದು. ಹಿಂಗಾರಿ ಸುಗ್ಗಿ ಮುಗಿದು, ಯುಗಾದಿ ದಾಟಿ, ರೋಹಿಣಿ ಮಳೆಗೆ ಕಾಯುವ ಆ ಎರಡು ತಿಂಗಳಲ್ಲಿ ಮಳೆ ನಂಬಿದ ಯಲಬುರ್ಗಾ, ಕುಷ್ಟಗಿಯ ಹೊಲಗಳಲ್ಲಿ ಹೇಳಿಕೊಳ್ಳುವಂಥ ಕೆಲಸವಿರುವುದಿಲ್ಲ. ಮದುವೆ, ಜಾತ್ರೆ, ಬಯಲಾಟಗಳೆಲ್ಲ ಆಗಲೇ. ಆ ಬಿಡುವು ಮುಗಿಯಿತೆಂದು ಸಾರುವುದು ಕಾರ ಹುಣ್ಣಿಮೆ, ಅಂದರೆ ಜ್ಯೇಷ್ಠದ ಹುಣ್ಣಿಮೆ.

ಹುಣ್ಣಿಮೆಯ ಹಿಂದಿನ ದಿನ ಹೊನ್ನುಗ್ಗಿ. ಎತ್ತುಗಳನ್ನು ಹಳ್ಳಕ್ಕೋ ಕೆರೆಗೋ ಹೊಡೆದುಕೊಂಡು ಹೋಗಿ ಮೈ ತಿಕ್ಕಿ ತೊಳೆಯುತ್ತಾರೆ. ಮನೆಗೆ ಬಂದ ಮೇಲೆ ಗೊಟ್ಟ. ಒಂದು ತುದಿಯನ್ನು ಓರೆಯಾಗಿ ಕೊಯ್ದ ಬಿದಿರಿನ ಕೊಳವೆ ಅದು. ಒಬ್ಬ ಮೂಗುದಾರ ಹಿಡಿದು ಎತ್ತಿನ ಮೋರೆಯನ್ನು ಮೇಲಕ್ಕೆ ಎತ್ತಿ ನಿಲ್ಲುತ್ತಾನೆ. ಇನ್ನೊಬ್ಬ ಬಾಯಿಯ ಪಕ್ಕದಿಂದ ಕೊಳವೆ ತೂರಿಸಿ, ಎಣ್ಣೆ, ಅರಿಶಿನ, ಕೋಳಿಮೊಟ್ಟೆ, ಮಜ್ಜಿಗೆ ಕದಡಿದ್ದನ್ನು ಗಂಟಲಿಗೆ ಸುರಿಯುತ್ತಾನೆ. ಎತ್ತು ತಲೆ ಕೊಡವುತ್ತದೆ, ಅರ್ಧ ನೆಲದ ಪಾಲಾಗುತ್ತದೆ, ಹಿಡಿದವನ ಅಂಗಿ ಹಳದಿಯಾಗುತ್ತದೆ. ಮತ್ತೆ ಹಿಡಿಯುತ್ತಾರೆ, ಮತ್ತೆ ಸುರಿಯುತ್ತಾರೆ. ಬೇಸಿಗೆಯುದ್ದಕ್ಕೂ ಒಣ ಕಣಿಕೆ ತಿಂದು ಸೊರಗಿದ ಎತ್ತಿಗೆ ಇನ್ನು ಹದಿನೈದು ದಿನದಲ್ಲಿ ಕೂರಿಗೆ ಎಳೆಯುವ ಕಸುವು ಬರಬೇಕು. ಗೊಟ್ಟ ಹಾಕುವುದು ಅದಕ್ಕಾಗಿ. ಜೊತೆಗೆ ಬೆಲ್ಲ ಹಾಕಿದ ಉಗ್ಗಿ. ಮರುದಿನ ಕೋಡಿಗೆ ಹುರುಮಂಜು, ಹಣೆಗೆ ಪಟ್ಟಿ, ಕೊರಳಿಗೆ ಗೆಜ್ಜೆ, ಬೆನ್ನಿಗೆ ಜೂಲ.

ಸಂಜೆ ಅಗಸಿಯ ಬಾಗಿಲಲ್ಲಿ ಕರಿ. ಬೇವಿನ ತಪ್ಪಲು, ಕೊಬ್ಬರಿ ಕಟ್ಟಿದ ಹಗ್ಗವನ್ನು ಅಡ್ಡ ಬಿಗಿದು, ಎತ್ತುಗಳನ್ನು ಓಡಿಸಿ, ಯಾವುದು ಮೊದಲು ಹರಿದುಕೊಂಡು ಹೋಗುತ್ತದೆಂದು ಇಡೀ ಊರು ನೋಡುತ್ತದೆ. ಬಿಳಿ ಎತ್ತು ಹರಿದರೆ ಬಿಳಿ ಜೋಳ, ಹತ್ತಿಯಂಥ ಬಿಳಿಯ ಪೀಕು ಕೈ ಹಿಡಿಯುತ್ತದೆ. ಕೆಂದ ಎತ್ತು ಹರಿದರೆ ತೊಗರಿಯಂಥ ಕೆಂಪು ಪೀಕು. ಭವಿಷ್ಯ ನಿಜವಾಗುತ್ತಿತ್ತೋ ಇಲ್ಲವೋ, ಅದರಿಂದ ಆಗುತ್ತಿದ್ದ ಕೆಲಸ ಬೇರೆ. ಎರಡು ತಿಂಗಳು ಕಟ್ಟೆಯ ಮೇಲೆ ಕೂತವರ ಬಾಯಲ್ಲಿ ಆ ರಾತ್ರಿಯಿಂದ ಬೀಜದ ಮಾತು, ಮಳೆಯ ಮಾತು, ಯಾವ ಹೊಲಕ್ಕೆ ಏನು ಎಂಬ ಮಾತು. ಮುಂದಿನ ಅಮಾವಾಸ್ಯೆಗೆ ಮಣ್ಣೆತ್ತು ಮಾಡಿ ಪೂಜಿಸುವ ಹೊತ್ತಿಗೆ, ಮಳೆ ಕೈ ಕೊಡದಿದ್ದರೆ, ಕೂರಿಗೆ ಹೊಲಕ್ಕೆ ಇಳಿದಿರುತ್ತದೆ. ಹಬ್ಬದ ಊಟ, ಸಿಂಗಾರ, ಓಟ ಎಲ್ಲವೂ ದುಡಿಮೆಯ ತಯಾರಿಯೇ ಆಗಿರುವ ಇಂಥ ಹಬ್ಬ ಇನ್ನೊಂದು ಸಿಗುವುದು ಕಷ್ಟ.

ಆಳುಮಕ್ಕಳ ವರ್ಷ ಮಾತ್ರ ಬೇರೆ ದಿನಕ್ಕೆ ಹೊರಳುತ್ತಿತ್ತು. ದೊಡ್ಡ ಒಕ್ಕಲುಗಳಲ್ಲಿ ಸಂಬಳಕ್ಕೆ ಇರುವ ಆಳಿನ ಕರಾರು ಯುಗಾದಿಯಿಂದ ಯುಗಾದಿಗೆ. ಬೇವು ಬೆಲ್ಲ ತಿಂದ ದಿನ ಹಳೆಯ ಲೆಕ್ಕ ಚುಕ್ತಾ ಆಗಬೇಕು, ಉಳಿದ ಸಾಲ ಹೊಸ ವರ್ಷದ ಮೇಲೆ ಏರಬೇಕು. ಸಾಲ ತೀರದವನು ಹಬ್ಬದ ಮರುದಿನ ಅದೇ ದನದ ಕೊಟ್ಟಿಗೆಗೆ ಮರಳುತ್ತಿದ್ದ. ಎತ್ತಿಗೆ ಸೋಮವಾರ ಇದ್ದ ಬಿಡುವು ಅವನಿಗಿರಲಿಲ್ಲ. ಹಬ್ಬಗಳ ಚೆಲುವನ್ನು ಬರೆಯುವಾಗ ಇದನ್ನೂ ಬರೆಯದಿದ್ದರೆ ಅದು ಅರ್ಧ ಇತಿಹಾಸವಾಗುತ್ತದೆ.

ಊರಿನ ಹೊಲ ಹೀಗೆ ನಡೆಯುತ್ತಿದ್ದಾಗ ಕಚೇರಿಯ ವಾರ ಇನ್ನೊಂದು ತರಹ ನಡೆಯುತ್ತಿತ್ತು. 1948ರ ಸೆಪ್ಟೆಂಬರ್‌ವರೆಗೆ ಈ ನೆಲ ಹೈದರಾಬಾದ್ ಸಂಸ್ಥಾನದ್ದು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಅಲ್ಲಿನ ಸರ್ಕಾರಿ ರಜೆ ಶುಕ್ರವಾರ, ದಫ್ತರದ ವರ್ಷ ಫಸಲಿ. ಶಾಲೆಗೆ ಹೋಗುವ ಹುಡುಗನಿಗೆ ಶುಕ್ರವಾರ ಬಿಡುವು, ಅವನ ಅಪ್ಪನ ಎತ್ತಿಗೆ ಸೋಮವಾರ ಬಿಡುವು. ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಕಚೇರಿಯ ರಜೆ ಭಾನುವಾರಕ್ಕೆ ಬಂತು. ಎತ್ತಿನ ಸೋಮವಾರವನ್ನು ಯಾವ ಸರ್ಕಾರವೂ ಮುಟ್ಟಲಿಲ್ಲ.

ಅದನ್ನು ಮುಟ್ಟಿದ್ದು ನೀರು.

ತುಂಗಭದ್ರೆಯ ದಂಡೆಗೆ ಕಾಲುವೆ ಹೊಸದೇನಲ್ಲ. ಹುಲಿಗಿ, ಶಿವಪುರ, ಆನೆಗೊಂದಿ, ಮೇಲಿನ ಗಂಗಾವತಿ, ಕೆಳಗಿನ ಗಂಗಾವತಿ ಕಾಲುವೆಗಳು ವಿಜಯನಗರ ಕಾಲದವು. ಅಣೆಕಟ್ಟೆಯ ಕಲ್ಲುಗಳಿಗೆ ಬಡಿದು ತಿರುಗಿದ ನೀರು ವರ್ಷದ ಬಹುಪಾಲು ಅವುಗಳಲ್ಲಿ ಹರಿಯುತ್ತದೆ. ಆನೆಗೊಂದಿ ಕಡೆಯ ಬಾಳೆ, ಭತ್ತದ ತೋಟಗದ್ದೆಗಳಿಗೆ ಬೇಸಿಗೆಯ ಬಿಡುವು ಎಂಬುದು ಆಗಲೂ ಕಡಿಮೆಯೇ. ಆದರೆ ಅದು ಹೊಳೆಗೆ ಹೊಂದಿಕೊಂಡ ಕಿರಿದಾದ ಪಟ್ಟಿ. ಅದರಾಚೆ ಬಯಲೆಲ್ಲ ಬರದ ಬಾಯಿಗೆ ಬಿದ್ದ ನೆಲ. 1790ರ ದಶಕದ ಡೋಗಿ ಬರ, 1876–78ರ ಮಹಾ ಬರ ಇಲ್ಲಿ ಊರಿಗೆ ಊರನ್ನೇ ಖಾಲಿ ಮಾಡಿದ್ದವು. ತುಂಗಭದ್ರೆಯನ್ನು ತಡೆದು ನಿಲ್ಲಿಸುವ ಯೋಚನೆಯನ್ನು ಸರ್ ಆರ್ಥರ್ ಕಾಟನ್ 1860ರಲ್ಲೇ ಮುಂದಿಟ್ಟಿದ್ದರು. ಮದ್ರಾಸ್ ಮತ್ತು ಹೈದರಾಬಾದ್ ನಡುವೆ ಒಪ್ಪಂದವಾಗಲು 1944 ಬರಬೇಕಾಯಿತು. 1945ರ ಫೆಬ್ರವರಿ 28ರಂದು ಹೊಳೆಯ ಎರಡೂ ದಂಡೆಗಳಲ್ಲಿ ಬೇರೆ ಬೇರೆಯಾಗಿ ಅಡಿಗಲ್ಲು ಬಿತ್ತು: ಎಡಕ್ಕೆ ನಿಜಾಮರ ಕಡೆಯಿಂದ ಬೇರಾರ್ ರಾಜಕುಮಾರ, ಬಲಕ್ಕೆ ಮದ್ರಾಸ್ ಗವರ್ನರ್ ಸರ್ ಆರ್ಥರ್ ಹೋಪ್. 1953ರ ಜುಲೈನಲ್ಲಿ ಕಾಲುವೆಗೆ ಮೊದಲ ನೀರು ಬಿಟ್ಟರು.

ಮುನಿರಾಬಾದಿನಲ್ಲಿ ಹುಟ್ಟಿ, ಪಾಪಯ್ಯ ಸುರಂಗದಲ್ಲಿ ಬೆಟ್ಟ ತೂರಿ, ಗಂಗಾವತಿ, ಕಾರಟಗಿ ದಾಟಿ ರಾಯಚೂರಿನತ್ತ ಸಾಗುವ ಎಡದಂಡೆ ಕಾಲುವೆ ಸುಮಾರು 226 ಕಿಲೋಮೀಟರ್ ಉದ್ದವಿದೆ. ಯೋಜನೆ ಹಾಕಿದವರ ಲೆಕ್ಕ ಬರ ತಡೆಯುವುದು: ಸ್ವಲ್ಪ ನೀರನ್ನು ಬಹಳ ಹೊಲಕ್ಕೆ ಹಂಚುವುದು, ಜೋಳ, ಹತ್ತಿ, ಶೇಂಗಾಕ್ಕೆ ಹದ ಕೊಡುವುದು, ಭತ್ತವನ್ನು ಮಿತಿಯಲ್ಲಿಡುವುದು. ಆದದ್ದೇ ಬೇರೆ. ಕೃಷ್ಣಾ, ಗೋದಾವರಿ ಬಯಲಿನಿಂದ ಭತ್ತ ಬಲ್ಲ ಆಂಧ್ರದ ರೈತರು ಬಂದು ಜಮೀನು ಕೊಂಡು ಕ್ಯಾಂಪುಗಳನ್ನು ಕಟ್ಟಿದರು. ಶ್ರೀರಾಮನಗರ, ಸಿದ್ದಾಪುರ, ಕಾರಟಗಿ ಸುತ್ತಲ ಎರೆ ನೆಲ ಕೆಸರುಗದ್ದೆಯಾಯಿತು. ಸ್ಥಳೀಯರೂ ಅದನ್ನೇ ಹಿಡಿದರು. ಗಂಗಾವತಿ ರೈಸ್ ಮಿಲ್ಲುಗಳ ಊರಾಯಿತು, ಅಲ್ಲಿನ ಸೋನಾ ಮಸೂರಿ ದೂರದ ಅಂಗಡಿಗಳಿಗೆ ಹೋಯಿತು. ಮೇಲ್ಭಾಗದಲ್ಲಿ ಭತ್ತ ಹೆಚ್ಚಿದಷ್ಟೂ ಸಿಂಧನೂರು, ಮಾನ್ವಿಯಾಚೆಯ ಕೊನೆಭಾಗಕ್ಕೆ ನೀರು ಕಡಿಮೆಯಾಯಿತು. ಆ ಜಗಳ ಇಂದಿಗೂ ತೀರಿಲ್ಲ.

ಭತ್ತ ಬಂದ ಮೇಲೆ ವರ್ಷದ ಚಾಲೇ ಬದಲಾಯಿತು. ಜುಲೈಗೆ ನೀರು, ಸಸಿಮಡಿ, ನಾಟಿ, ನವೆಂಬರ್–ಡಿಸೆಂಬರಿಗೆ ಕೊಯ್ಲು. ಕಣ ಖಾಲಿಯಾಗುವ ಮುಂಚೆಯೇ ಎರಡನೇ ಬೆಳೆಗೆ ಸಸಿ. ಸಂಕ್ರಾಂತಿ ಕ್ಯಾಂಪುಗಳ ದೊಡ್ಡ ಹಬ್ಬ, ಆದರೆ ಅದು ಬರುವುದೇ ನಾಟಿಯ ಗಡಿಬಿಡಿಯಲ್ಲಿ. ಏಪ್ರಿಲ್ ಹೊತ್ತಿಗೆ ಕಾಲುವೆ ಬಂದ್. ಆಗ ಸಿಗುವುದೇ ಗಂಗಾವತಿ ಸೀಮೆಯ ಬಿಡುವು. ಅದು ಮುಗಿಯುವ ದಿನವನ್ನು ಇಲ್ಲಿ ಹುಣ್ಣಿಮೆ ಹೇಳುವುದಿಲ್ಲ. ನೀರಾವರಿ ಸಲಹಾ ಸಮಿತಿ ಸಭೆ ಸೇರಿ, ಜಲಾಶಯದಲ್ಲಿ ಎಷ್ಟು ಟಿಎಂಸಿ ಇದೆ, ಒಳಹರಿವು ಎಷ್ಟು ಎಂದು ನೋಡಿ, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಇಷ್ಟು ಕ್ಯೂಸೆಕ್ ಎಂದು ಪ್ರಕಟಿಸುತ್ತದೆ. ಆ ಪ್ರಕಟಣೆ ಪತ್ರಿಕೆಯಲ್ಲಿ ಬಂದ ದಿನದಿಂದ ಬೀಜದ ಅಂಗಡಿ, ಟ್ರ್ಯಾಕ್ಟರ್ ಬಾಡಿಗೆ, ನಾಟಿ ಹಚ್ಚುವ ಹೆಣ್ಣಾಳುಗಳ ತಂಡ ಎಲ್ಲಕ್ಕೂ ಜೀವ ಬರುತ್ತದೆ. ಟ್ರ್ಯಾಕ್ಟರಿಗೆ ಸೋಮವಾರವಿಲ್ಲ. ಆದರೂ ಅಮಾವಾಸ್ಯೆಯ ದಿನ ಅದನ್ನು ತೊಳೆದು, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆಯುವುದನ್ನು ಯಾರೂ ಬಿಟ್ಟಿಲ್ಲ.

ಚಂದ್ರ ತಪ್ಪಿಸುವುದಿಲ್ಲ, ಜಲಾಶಯ ತಪ್ಪಿಸುತ್ತದೆ. ಕಟ್ಟುವಾಗ 133 ಟಿಎಂಸಿ ಹಿಡಿಯುತ್ತಿದ್ದ ಒಡಲಿನಲ್ಲಿ ಹೂಳು ತುಂಬಿ ಈಗ ನಿಲ್ಲುವುದು ಸುಮಾರು 105 ಟಿಎಂಸಿ. 2023ರ ಬರದಲ್ಲಿ ಎರಡನೇ ಬೆಳೆಗೆ ನೀರು ಸಿಗಲಿಲ್ಲ. 2024ರಲ್ಲಿ ಡ್ಯಾಂ ತುಂಬಿ, ಗದ್ದೆಗಳಲ್ಲಿ ನಾಟಿ ನಡೆದಿದ್ದಾಗ, ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಕಾದಿಟ್ಟ ನೀರು ಹಗಲು ರಾತ್ರಿ ಹೊಳೆಗೆ ಹರಿಯುವುದನ್ನು ರೈತರು ಸೇತುವೆಯ ಮೇಲೆ ನಿಂತು ನೋಡಿದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿಗೇ ತಡೆಹಲಗೆಗಳನ್ನು ಒಂದೊಂದಾಗಿ ಇಳಿಸಿ, ಒಂದು ವಾರದಲ್ಲಿ ಬಾಯಿ ಮುಚ್ಚಿದರು. ಆ ಕೆಲಸಗಾರರಿಗೆ ಈ ಸೀಮೆ ಎಷ್ಟು ಕೃತಜ್ಞವಾಗಿದ್ದರೂ ಸಾಲದು. ಅದೃಷ್ಟಕ್ಕೆ ಮಳೆ ಮತ್ತೆ ತುಂಬಿಸಿತು. ಆದರೆ ಎಪ್ಪತ್ತು ವರ್ಷದ ಗೇಟುಗಳನ್ನು ಇನ್ನು ನಂಬುವಂತಿರಲಿಲ್ಲ. 2025ರ ಮುಂಗಾರಿನಲ್ಲಿ ನೀರನ್ನು ಸುಮಾರು 80 ಟಿಎಂಸಿಗೆ ನಿಲ್ಲಿಸಿದರು; ಗೇಟುಗಳನ್ನೆಲ್ಲ ಬದಲಿಸಲು ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ಸಸಿ ಹಚ್ಚಬೇಕಾದ ಸಂಕ್ರಾಂತಿಗೆ ಕೊಯ್ದ ಕೂಳೆ ಹಾಗೆಯೇ ಒಣಗಿತು. ಬೇಡದ ಬಿಡುವು ಅದು. ಕೂಲಿಯಿಂದ ಮನೆ ನಡೆಸುವವರಿಗೆ ಅಂಥ ಬಿಡುವಿನಷ್ಟು ಭಾರವಾದದ್ದು ಬೇರೊಂದಿಲ್ಲ.

ಕುಷ್ಟಗಿ, ಯಲಬುರ್ಗಾ ಕಡೆಯವರು ಆ ಭಾರವನ್ನು ಬಹು ಹಿಂದಿನಿಂದ ಬಲ್ಲರು. ಕಾಲುವೆ ಕಾಣದ ಆ ನೆಲದಿಂದ ಗುಳೆ ಹೋಗುವುದು ತಲೆಮಾರುಗಳ ಪಾಡು: ಮಂಗಳೂರು, ಉಡುಪಿ, ಗೋವಾ, ಬೆಂಗಳೂರು. ಕಟ್ಟಡ, ರಸ್ತೆ, ಗಾರೆ ಕೆಲಸ. ಅವರ ರಜೆ ಅಂದರೆ ಊರು, ಊರು ಅಂದರೆ ಹಬ್ಬ. ಅದರಲ್ಲೂ ಮೊಹರಂ. ಮುಸ್ಲಿಂ ಮನೆ ಒಂದೋ ಎರಡೋ ಇರುವ ಹಳ್ಳಿಗಳಲ್ಲೂ ಅಲಾಯಿ ಕುಣಿ ತೆಗೆದು, ದೇವರು ಕೂಡ್ರಿಸಿ, ಹೆಜ್ಜೆ ಹಾಕಿ ಹಾಡುತ್ತಾರೆ. ಹತ್ತಿರದ ಮುದಗಲ್ಲಿನ ಮೊಹರಂ ಅಂತೂ ನಾಡಿಗೇ ಹೆಸರು. ಕತ್ತಲ ರಾತ್ರಿಗೆ ಊರಿನ ಒಬ್ಬ ಮಗನೂ ಹೊರಗಿರಬಾರದೆಂದು ಮುದುಕರು ಬಯಸುತ್ತಾರೆ. ಚಾಂದ್ರಮಾನದ ಈ ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಸುಮಾರು 33 ವರ್ಷಕ್ಕೆ ಒಂದು ಸುತ್ತು ಹಾಕುತ್ತದೆ. ಹಾಗಾಗಿ ಒಂದು ತಲೆಮಾರಿಗೆ ಅದು ಸುಗ್ಗಿಯ ಹಬ್ಬ, ಇನ್ನೊಂದಕ್ಕೆ ಬಿತ್ತಿಗೆಯ ಹಬ್ಬ. ಕಾರ ಹುಣ್ಣಿಮೆಯಂತೆ ಅದು ಕೆಲಸದ ಜೊತೆ ಕಟ್ಟಿಕೊಂಡಿಲ್ಲ, ಕೂಡಿಕೊಳ್ಳುವುದರ ಜೊತೆ ಕಟ್ಟಿಕೊಂಡಿದೆ.

ದೇವರು ಹೊಳೆಗೆ ಹೋದ ಮರುದಿನ ಬಸ್ ನಿಲ್ದಾಣಗಳಲ್ಲಿ ಅವರು ಕೆಲಸಕ್ಕೆ ಮರಳುವುದು ಕಾಣುತ್ತದೆ. ರೊಟ್ಟಿ, ಶೇಂಗಾ ಹಿಂಡಿ, ಹಿಟ್ಟಿನ ಚೀಲ, ಪಾತ್ರೆಯ ಗಂಟು. ಕಂಕುಳ ಕೂಸು ಜೊತೆಗೆ ಹೊರಟಿರುತ್ತದೆ, ಶಾಲೆಯ ವಯಸ್ಸಿನದು ಅಜ್ಜಿಯ ಕೈ ಹಿಡಿದು ಕೆಳಗೆ ನಿಂತಿರುತ್ತದೆ. ಇವರ ಮರಳುವ ದಿನವನ್ನು ಪಂಚಾಂಗವೂ ಹೇಳುವುದಿಲ್ಲ, ಸಮಿತಿಯೂ ಹೇಳುವುದಿಲ್ಲ. ಮುಂಗಡ ಕೊಟ್ಟ ಮೇಸ್ತ್ರಿಯ ಫೋನು ಹೇಳುತ್ತದೆ. ಗೊಟ್ಟ ಹಾಕಿ, ಮೈ ತೊಳೆದು, ಕೊರಳಿಗೆ ಗೆಜ್ಜೆ ಕಟ್ಟಿ ಕೆಲಸಕ್ಕೆ ಹೊರಡಿಸುವ ಯಾವ ಆಚಾರವೂ ಈ ಮರಳುವಿಕೆಗೆ ಇಲ್ಲ. ಹಳೆಯ ಒಕ್ಕಲುತನ ಎತ್ತಿಗೆ ಕೊಟ್ಟಿದ್ದನ್ನು ಹೊಸ ದುಡಿಮೆ ಮನುಷ್ಯನಿಗೆ ಇನ್ನೂ ಕೊಟ್ಟಿಲ್ಲ.

2020ರಲ್ಲಿ ಈ ಲೆಕ್ಕವೆಲ್ಲ ಒಮ್ಮೆಲೇ ತಲೆಕೆಳಗಾಯಿತು. ದೇಶಕ್ಕೆ ಬೀಗ ಬಿದ್ದ ಮಾರ್ಚ್ 25 ಆ ವರ್ಷದ ಯುಗಾದಿಯೂ ಹೌದು. ಹೊಸ ಕರಾರು ಶುರುವಾಗಬೇಕಾದ ದಿನವೇ ಕೆಲಸ ನಿಂತಿತು. ಗುಳೆ ಹೋದವರು ಸಿಕ್ಕ ಗಾಡಿ ಹತ್ತಿ, ಮೇ ತಿಂಗಳಲ್ಲಿ ಸರ್ಕಾರದ ಬಸ್ಸುಗಳಲ್ಲಿ ಹಳ್ಳಿ ಸೇರಿದರು. ಉದ್ಯೋಗ ಖಾತ್ರಿಯಲ್ಲಿ ದಿನಕ್ಕೆ 275 ರೂಪಾಯಿ ಕೂಲಿಗೆ ಕೆರೆಯ ಹೂಳು, ಬದು, ಕೃಷಿಹೊಂಡ ತೋಡಿದರು. ಅದಕ್ಕೂ ಒಂದು ವರ್ಷ ಮೊದಲು, 2019ರಲ್ಲಿ, ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಜನರನ್ನು ಕಟ್ಟಿಕೊಂಡು ಹಿರೇಹಳ್ಳದ ಹೂಳು, ಜಾಲಿ ತೆಗೆಸಿದ್ದರು. ಊರಲ್ಲೇ ಕೆಲಸವಿದ್ದರೆ ಊರಲ್ಲೇ ಇರುತ್ತೇವೆ ಎನ್ನುವ ಮಾತು ಈ ಭಾಗದಲ್ಲಿ ಯಾರನ್ನು ಕೇಳಿದರೂ ಸಿಗುತ್ತದೆ. ಆ ಎರಡು ಸಂದರ್ಭಗಳು ಅದು ಬರೀ ಮಾತಲ್ಲ ಎಂದು ತೋರಿಸಿದವು.

2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊದಲ ಬಾರಿ ರೈಲು ಬಂತು. ಗದಗ–ವಾಡಿ ಮಾರ್ಗದ ಸಿದ್ಧವಾದ ಭಾಗದಲ್ಲಿ, ಯಲಬುರ್ಗಾ, ಕುಕನೂರು, ತಳಕಲ್ ಮೇಲೆ ಹುಬ್ಬಳ್ಳಿಗೆ. ಬಾಜಾ ಬಡಿದು ಅದನ್ನು ಬರಮಾಡಿಕೊಂಡವರಲ್ಲಿ ಎಷ್ಟೋ ಜನರ ಮನೆಗಳಿಂದ ಗುಳೆ ಹೋದವರಿದ್ದಾರೆ. ರೈಲು ಅವರನ್ನು ಇನ್ನೂ ಬೇಗ ಹೊರಗೆ ಒಯ್ಯುತ್ತದೋ, ಇಲ್ಲ ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರುವಂಥ ಕೆಲಸವನ್ನು ಹತ್ತಿರ ತರುತ್ತದೋ ಎಂಬುದು ಹುಬ್ಬಳ್ಳಿ, ಗದಗ, ಕೊಪ್ಪಳದ ನಡುವೆ ಯಾವ ದುಡಿಮೆ ಹುಟ್ಟುತ್ತದೆ ಎಂಬುದರ ಮೇಲಿದೆ.

2026ರಲ್ಲಿ ಅಧಿಕ ಜ್ಯೇಷ್ಠ ಬಂದು ಕಾರ ಹುಣ್ಣಿಮೆ ಜೂನ್ ಕೊನೆಗೆ ಸರಿದಿದೆ. ಹಿಂದೆ ಹಿಂದೆ ಸರಿಯುತ್ತ ಬಂದ ಮೊಹರಂ ಕೂಡ ಅದೇ ವಾರಕ್ಕೆ ಬಂದು ಕೂತಿದೆ. ಕುಷ್ಟಗಿಯ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಬೂದಿ ಆರುವ ಮುಂಚೆ ಕರಿಯ ಹಗ್ಗ ಬಿಗಿಯಬೇಕು. ಗಂಗಾವತಿಯವರು ಜುಲೈ ನೀರಿನ ತಾರೀಖು ಕೇಳುತ್ತಿರುತ್ತಾರೆ. ಮಳೆ ಹದವಾಗಿ ಬಿದ್ದರೆ ಊರಿಗೆ ಬಂದ ಮಕ್ಕಳನ್ನು ಬಿತ್ತಿಗೆ ಮುಗಿಯುವವರೆಗೆ ಹಿರಿಯರು ನಿಲ್ಲಿಸಿಕೊಳ್ಳುತ್ತಾರೆ, ಮೇಸ್ತ್ರಿಯ ಫೋನಿಗೆ ಎಂಟು ದಿನ ತಡೆದು ಬರುತ್ತೇವೆ ಎಂದು ಹೇಳಿಸುತ್ತಾರೆ.